ಹತ್ತು ಅಡಿ ಎತ್ತರದ ಬುಟ್ಟಿ

ಕಳೆದ ತಿಂಗಳ ಒಂದು ಭಾನುವಾರ, ಬೆಳಗಿನ ಬಲಿಪೂಜೆ ಮುಗಿದ ಬಳಿಕ, ಬೇತಮಂಗಲದ ನಮ್ಮ ಕೆಲವು ಕುಟುಂಬಗಳು ಹುಣಿಸೆಮರದ ನೆರಳಿನಲ್ಲಿ ಕುಳಿತು ಒಂದು ಸಣ್ಣ ವಿಷಯವನ್ನು ಬಹಳ ಹೊತ್ತು ಚರ್ಚಿಸಿದೆವು. ಯುವಕರ ಬೇಡಿಕೆ ಇಷ್ಟೇ: ಖಾಲಿ ಬಿದ್ದಿರುವ ಅಂಗಳದಲ್ಲಿ ಎರಡು ಕಂಬಗಳನ್ನು ನೆಟ್ಟು, ಹಲಗೆ ಕಟ್ಟಿ, ಕಬ್ಬಿಣದ ಬಳೆ ತೊಡಿಸಿಕೊಡಬೇಕು, ಸಂಜೆ ಹೊತ್ತು ಅಲ್ಲಿ ಬಾಸ್ಕೆಟ್‌ಬಾಲ್ ಆಡಬೇಕು. ಖರ್ಚು ದೊಡ್ಡದಲ್ಲ. ಆದರೂ ಮಾತು ಬೆಳೆಯಿತು.

ತಂದೆಯೊಬ್ಬರು, ಆಡಿದರೆ ಕ್ರೀಡಾ ಕೋಟಾದಲ್ಲಿ ಕಾಲೇಜು ಸೀಟು ಸಿಗುವುದೇ ಎಂದು ಕೇಳಿದರು. ಸಿಗುವುದಾದರೆ ಇರಲಿ, ಇಲ್ಲವಾದರೆ ಪುಸ್ತಕ ಹಿಡಿಯಲಿ ಎಂಬುದು ಅವರ ನಿಲುವು. ಅವರನ್ನು ದೂರುವಂತಿಲ್ಲ. ಗಣಿ ಮುಚ್ಚಿದ ಮೇಲೆ ನಮ್ಮ ಎಷ್ಟೋ ಮನೆಗಳ ತಂದೆಯರು ನಸುಕಿನಲ್ಲೇ ಎದ್ದು ಬೆಂಗಳೂರಿನ ರೈಲು ಹಿಡಿಯುತ್ತಾರೆ. ರಾತ್ರಿ ಮರಳುವ ಹೊತ್ತಿಗೆ ಮಕ್ಕಳು ಮಲಗಿರುತ್ತಾರೆ. ಸಂಜೆ ಐದರಿಂದ ಎಂಟರವರೆಗೆ ಮಗ ಎಲ್ಲಿರುತ್ತಾನೆ ಎಂಬುದು ಅವರಿಗೆ ಚಿಂತೆಯ ವಿಷಯವೇ. ಹಿರಿಯರೊಬ್ಬರ ಆಕ್ಷೇಪ ಬೇರೆ ಬಗೆಯದು. ಹಾಕಿ ನಮ್ಮದು, ಫುಟ್ಬಾಲ್ ನಮ್ಮದು. ಈ ಬುಟ್ಟಿಯಾಟ ವೈ.ಎಂ.ಸಿ.ಎ.ಯವರದ್ದು, ಅದು ಪ್ರೊಟೆಸ್ಟಂಟರ ಆಟ, ಚರ್ಚಿನ ಮಕ್ಕಳಿಗೆ ಅದೇಕೆ ಎಂದರು ಅವರು. ಕೊನೆಯಲ್ಲಿ ಎಂಟನೆಯ ತರಗತಿಯ ಬಾಲಕಿಯೊಬ್ಬಳು ಎದ್ದು ನಿಂತು, ನಮ್ಮನ್ನೂ ಆಡಲು ಬಿಡುತ್ತೀರಾ ಎಂದು ಕೇಳಿ ಕುಳಿತಳು. ಆ ದಿನ ಯಾರಿಗೂ ಸರಿಯಾದ ಉತ್ತರ ಕೊಡಲಾಗಲಿಲ್ಲ.

ಉತ್ತರ ಹುಡುಕುತ್ತ ಹಳೆಯ ಪುಟಗಳನ್ನು ತಿರುವಿದ ನಮಗೆ ಎದುರಾದದ್ದು ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದ ತಂಡವೊಂದು 1922-23ರ ಚಳಿಗಾಲದಲ್ಲಿ ಆಡಿದ ಪಂದ್ಯಗಳ ಕಥೆ. ನೂರು ವರ್ಷಗಳಿಗೂ ಹಿಂದಿನ, ಸಮುದ್ರದಾಚೆಯ ಆ ಕಥೆಯಲ್ಲಿ ನಮ್ಮ ಹುಣಿಸೆಮರದ ಕೆಳಗಿನ ಪ್ರಶ್ನೆಗಳೆಲ್ಲ ಅಡಗಿವೆ ಎಂದು ತೋರಿದ್ದರಿಂದ ಈ ವಾರ ಅದನ್ನೇ ಓದುಗರ ಮುಂದಿಡುತ್ತಿದ್ದೇವೆ.

ಮೊದಲು ಹಿರಿಯರ ಮಾತನ್ನು ಎತ್ತಿಕೊಳ್ಳೋಣ. ಹಾಕಿ, ಫುಟ್ಬಾಲ್ ನಮ್ಮವು ಎಂಬ ಅವರ ಅಭಿಮಾನಕ್ಕೆ ಕಾರಣವಿಲ್ಲದಿಲ್ಲ. ಚಿನ್ನದ ಗಣಿಯ ಮೈದಾನಗಳಲ್ಲಿ ಆಂಗ್ಲೋ-ಇಂಡಿಯನ್ ಮನೆತನಗಳ ಹುಡುಗರೂ ಲೈನು ಮನೆಗಳ ಹುಡುಗರೂ ಆ ಆಟಗಳನ್ನು ಆಡಿ ಬೆಳೆದರು. ಆ ಮೈದಾನಗಳ ದಾಹ ತಣಿಸಿದ್ದು ನಮ್ಮೂರಿನ ನೀರೇ ಎಂಬುದನ್ನು ಬೇತಮಂಗಲದವರಾದ ನಾವು ಸ್ವಲ್ಪ ಹೆಮ್ಮೆಯಿಂದ ನೆನೆಯುತ್ತೇವೆ. ಗಂಗರ ಕಾಲದಲ್ಲಿ ವಿಜಯಾದಿತ್ಯಮಂಗಲ ಎನಿಸಿಕೊಂಡಿದ್ದ ಈ ಊರಿನ ಪಾಲಾರ್ ಕೆರೆಯಿಂದ ಗಣಿಗಳಿಗೆ ಕೊಳವೆಯಲ್ಲಿ ನೀರು ಹರಿಯಿತು. ಬೆಳಕು ಬಂದದ್ದು ಇನ್ನೂ ದೂರದಿಂದ: 1902ರಲ್ಲಿ ಕಾವೇರಿಯ ಶಿವನಸಮುದ್ರದಿಂದ. ಆದರೆ ಹಾಕಿಯಾಗಲಿ ಫುಟ್ಬಾಲ್ ಆಗಲಿ ಈ ಮಣ್ಣಿನಲ್ಲಿ ಹುಟ್ಟಿದವಲ್ಲ. ಅವೂ ಹಡಗು ಹತ್ತಿ, ರೈಲು ಹತ್ತಿ ಬಂದವುಗಳೇ. ಬುಟ್ಟಿಯಾಟ ಸ್ವಲ್ಪ ತಡವಾಗಿ ಬಂತು, ಅಷ್ಟೇ ವ್ಯತ್ಯಾಸ.

ಅದು ಹುಟ್ಟಿದ ಬಗೆಯನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ಹೇಳಬೇಕು. ಜೇಮ್ಸ್ ನೈಸ್ಮಿತ್ ಕೆನಡಾ ದೇಶದ ಒಂಟಾರಿಯೊ ಪ್ರಾಂತದವರು. 1870ರಲ್ಲಿ, ಬಾಲ್ಯದಲ್ಲೇ, ತಂದೆ ತಾಯಿಯರಿಬ್ಬರನ್ನೂ ವಿಷಮಶೀತ ಜ್ವರಕ್ಕೆ ಕಳೆದುಕೊಂಡು ಸೋದರಮಾವನ ಆಶ್ರಯದಲ್ಲಿ ಬೆಳೆದರು. ಪ್ರೆಸ್ಬಿಟೀರಿಯನ್ ಸಭೆಯ ಬೋಧಕರಾಗಲೆಂದು ಮಾಂಟ್ರಿಯಲ್ ನಗರದಲ್ಲಿ ದೈವಶಾಸ್ತ್ರವನ್ನು ಓದಿದರು. ಜೊತೆಗೆ ಮೈದಾನಕ್ಕೂ ಇಳಿದರು. ಆಟವೆಂಬುದು ಸೈತಾನನ ಬಲೆ ಎಂದು ನಂಬಿದ್ದ ಸಹಪಾಠಿಗಳು ಅವರ ಆತ್ಮದ ಉದ್ಧಾರಕ್ಕಾಗಿ ಪ್ರಾರ್ಥಿಸುತ್ತಿದ್ದರಂತೆ. ಪಂದ್ಯದಲ್ಲಿ ಏಟು ತಿಂದು ಕಪ್ಪಿಟ್ಟ ಕಣ್ಣುಗಳೊಡನೆ ಮರುದಿನ ಪ್ರಸಂಗಪೀಠ ಹತ್ತಿದ ಪ್ರಸಂಗವೂ ಉಂಟು. ಕೊನೆಗೆ ಅವರು, ಯುವಕರನ್ನು ಒಳ್ಳೆಯ ದಾರಿಗೆ ತರಲು ಪ್ರಸಂಗಪೀಠವೊಂದೇ ಸ್ಥಳವಲ್ಲವೆಂದು ತೀರ್ಮಾನಿಸಿ, ಸ್ಪ್ರಿಂಗ್‌ಫೀಲ್ಡ್ ಪಟ್ಟಣದಲ್ಲಿದ್ದ ವೈ.ಎಂ.ಸಿ.ಎ. ತರಬೇತಿ ಶಾಲೆಯನ್ನು ಸೇರಿದರು.

ಅಲ್ಲಿ 1891ರ ಚಳಿಗಾಲದಲ್ಲಿ ಹದಿನೆಂಟು ಮಂದಿಯ ಒಂದು ತುಂಟ ತರಗತಿಯನ್ನು ಅವರಿಗೆ ವಹಿಸಲಾಯಿತು. ಹೊರಗೆ ಹಿಮ, ಒಳಗೆ ಬೇಸರದ ಕವಾಯತು. ಹಿಂದಿನ ಇಬ್ಬರು ಅಧ್ಯಾಪಕರು ಸೋತು ಕೈಬಿಟ್ಟ ತರಗತಿ ಅದು. ಹದಿನಾಲ್ಕು ದಿನಗಳೊಳಗೆ ಹೊಸ ಆಟವೊಂದನ್ನು ಹುಡುಕಬೇಕೆಂಬ ಆಜ್ಞೆ. ನೈಸ್ಮಿತ್ ಯೋಚಿಸಿದ ರೀತಿ ಗಮನಾರ್ಹವಾಗಿದೆ. ಆಟಗಳಲ್ಲಿ ಜಗಳ ಹುಟ್ಟುವುದೇಕೆ? ಚೆಂಡು ಹಿಡಿದು ಓಡುವವನನ್ನು ಕೆಡವಬೇಕಾಗುತ್ತದೆ, ಅದಕ್ಕೆ. ಹಾಗಾದರೆ ಚೆಂಡು ಹಿಡಿದವನು ಓಡಲೇಬಾರದು. ಗುರಿ ನೆಲದ ಮಟ್ಟದಲ್ಲಿದ್ದರೆ ಬಲವಾಗಿ ಎಸೆಯುತ್ತಾರೆ. ತಲೆಯ ಮೇಲಿದ್ದರೆ ಮೃದುವಾಗಿ, ಕಮಾನಿನಂತೆ ಎಸೆಯಬೇಕಾಗುತ್ತದೆ. ಬಾಲ್ಯದಲ್ಲಿ ಬಂಡೆಯ ಮೇಲಿಟ್ಟ ಕಲ್ಲನ್ನು ಹೊಡೆದುರುಳಿಸುವ ಆಟವಾಡಿದ್ದ ನೆನಪು ಈ ಕಡೆಯ ಅಂಶಕ್ಕೆ ನೆರವಾಯಿತು. ಎರಡು ಚೌಕ ಪೆಟ್ಟಿಗೆಗಳು ಬೇಕೆಂದು ಕಟ್ಟಡದ ಆಳನ್ನು ಕೇಳಿದರೆ ಆತ ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ತಂದುಕೊಟ್ಟ. ಅವನ್ನು ಮೊಳೆ ಹೊಡೆದು ನಿಲ್ಲಿಸಿದ ಮಹಡಿಯ ಕಟಾಂಜನ ನೆಲದಿಂದ ಹತ್ತು ಅಡಿ ಎತ್ತರದಲ್ಲಿತ್ತು. ಇಂದಿಗೂ ಲೋಕದ ಎಲ್ಲ ಅಂಕಣಗಳಲ್ಲಿ ಬಳೆಯ ಎತ್ತರ ಹತ್ತು ಅಡಿಯೇ. ಡಿಸೆಂಬರ್ 21ರಂದು ನಡೆದ ಮೊದಲ ಆಟದಲ್ಲಿ ಬಿದ್ದದ್ದು ಒಂದೇ ಗೋಲು. ಬುಟ್ಟಿಗೆ ತಳವಿದ್ದುದರಿಂದ ಚೆಂಡನ್ನು ತೆಗೆಯಲು ಏಣಿ ಬೇಕಾಯಿತು.

ಬಾಲಕಿಯ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಆಟ ಹುಟ್ಟಿ ಕೆಲವೇ ತಿಂಗಳುಗಳಲ್ಲಿ ಹೆಣ್ಣುಮಕ್ಕಳು ಆಡತೊಡಗಿದರು. ಆ ಮೊದಲ ಆಟಗಾರ್ತಿಯರಲ್ಲೊಬ್ಬರಾದ ಮೌಡ್ ಶೆರ್ಮನ್ ಅವರನ್ನೇ ನೈಸ್ಮಿತ್ 1894ರಲ್ಲಿ ವಿವಾಹವಾದರು. ಸ್ಮಿತ್ ಕಾಲೇಜಿನ ಅಧ್ಯಾಪಕಿ ಸೆಂಡಾ ಬೆರೆನ್ಸನ್ 1893ರ ಮಾರ್ಚಿಯಲ್ಲಿ ವಿದ್ಯಾರ್ಥಿನಿಯರ ಪಂದ್ಯವನ್ನೇ ನಡೆಸಿದರು. ನೋಡಲು ಗಂಡಸರಿಗೆ ಪ್ರವೇಶವಿರಲಿಲ್ಲ. ಆಟದ ವಯಸ್ಸೂ ಹೆಣ್ಣುಮಕ್ಕಳು ಅದನ್ನು ಆಡಿದ ವಯಸ್ಸೂ ಹೆಚ್ಚುಕಡಿಮೆ ಒಂದೇ.

ಆ ಹದಿನೆಂಟು ಮಂದಿ ತುಂಟರಲ್ಲಿ ಡಂಕನ್ ಪ್ಯಾಟನ್ ಎಂಬಾತ ಒಂದು ಪಾಳಿಯ ನಾಯಕನಾಗಿದ್ದ. 1894ರಲ್ಲಿ ಈ ಆಟವನ್ನು ಭಾರತಕ್ಕೆ ತಂದವನು ಅವನೇ. ಅದೇ 1894ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಮಾರಿಕುಪ್ಪಂಗೆ ಗಣಿಯ ರೈಲು ಓಡತೊಡಗಿತ್ತು. ಆದರೆ ಆಟ ನಮ್ಮ ಕಡೆಗೆ ಬೇರೂರಿದ್ದು ಇನ್ನೂ ಕಾಲು ಶತಮಾನದ ಬಳಿಕ. ಸ್ಪ್ರಿಂಗ್‌ಫೀಲ್ಡ್ ಶಾಲೆಯಲ್ಲೇ ಕಲಿತ ಹ್ಯಾರಿ ಕ್ರೋ ಬಕ್ ಮದರಾಸಿಗೆ ಬಂದು 1920ರಲ್ಲಿ ದೈಹಿಕ ಶಿಕ್ಷಣದ ಶಾಲೆಯನ್ನು ತೆರೆದರು. 1924ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಭಾರತದ ಕ್ರೀಡಾಪಟುಗಳನ್ನು ಕರೆದೊಯ್ದವರೂ ಅವರೇ. ಅವರ ಶಾಲೆಯಿಂದ ಹೊರಬಿದ್ದ ದೈಹಿಕ ಶಿಕ್ಷಕರು ದಕ್ಷಿಣದ ಶಾಲೆ ಕಾಲೇಜುಗಳಿಗೆ ಚೆಂಡು, ಸೀಟಿ, ನಿಯಮಪುಸ್ತಕಗಳನ್ನು ಹೊತ್ತು ಹೋದರು.

ಹಿರಿಯರ ಆಕ್ಷೇಪಕ್ಕೆ ಹಳೆಯ ಆಧಾರವೂ ಇದೆ ಎಂಬುದನ್ನು ನಾವು ಮುಚ್ಚಿಡಬಾರದು. ಮದರಾಸಿನಲ್ಲಿ ಬಕ್ ಅವರು ಶಾಲೆ ತೆರೆದ ಅದೇ 1920ರ ನವೆಂಬರ್ 5ರಂದು ರೋಮಿನ ಪವಿತ್ರ ಕಾರ್ಯಾಲಯವು ಲೋಕದ ಧರ್ಮಾಧ್ಯಕ್ಷರೆಲ್ಲರಿಗೆ ಪತ್ರ ಬರೆದು, ವೈ.ಎಂ.ಸಿ.ಎ.ಯಂಥ ಸಂಸ್ಥೆಗಳು ಕಥೋಲಿಕ ಯುವಕರ ವಿಶ್ವಾಸವನ್ನು ಸಡಿಲಗೊಳಿಸಬಹುದೆಂದು ಎಚ್ಚರಿಸಿತ್ತು. ಆ ಕಾಲದ ತಂದೆತಾಯಿಗಳು ಅದನ್ನು ಗಂಭೀರವಾಗಿಯೇ ತೆಗೆದುಕೊಂಡರು. ಆದರೆ ಪತ್ರದ ಎಚ್ಚರಿಕೆ ಸಂಸ್ಥೆಯ ಕುರಿತಾಗಿತ್ತೇ ವಿನಾ ಚೆಂಡಿನ ಕುರಿತಾಗಿರಲಿಲ್ಲ. ಜಗದ್ಗುರು ಹತ್ತನೆಯ ಪಿಯುಸರು 1905ರಲ್ಲೂ ಮತ್ತೆ 1908ರಲ್ಲೂ ವ್ಯಾಟಿಕನ್ನಿನ ಅಂಗಳದಲ್ಲೇ ಯುವಕರ ಅಂಗಸಾಧನೆಯ ಪ್ರದರ್ಶನಗಳನ್ನು ಏರ್ಪಡಿಸಿ ಸಂತೋಷದಿಂದ ವೀಕ್ಷಿಸಿದ್ದರು. ಸಂತ ಪೌಲರಂತೂ ಕೊರಿಂಥದವರಿಗೆ ಬುದ್ಧಿ ಹೇಳಲು ಓಟಗಾರರನ್ನೂ ಮಲ್ಲರನ್ನೂ ಉದಾಹರಿಸಿದವರು. 1930ರಲ್ಲಿ ಶಿಕಾಗೊ ನಗರದ ಸಹಾಯಕ ಧರ್ಮಾಧ್ಯಕ್ಷ ಬರ್ನಾರ್ಡ್ ಶೀಲ್ ಅವರು ಕಥೋಲಿಕ ಯುವಜನ ಸಂಘಟನೆಯನ್ನು ಆರಂಭಿಸಿದಾಗ ಧರ್ಮಕೇಂದ್ರಗಳ ಬೀದಿ ಹುಡುಗರನ್ನು ಸೆಳೆಯಲು ಅವರು ಆರಿಸಿಕೊಂಡದ್ದು ಮುಷ್ಟಿಯುದ್ಧ ಮತ್ತು ಬಾಸ್ಕೆಟ್‌ಬಾಲ್. ಪತ್ರಕ್ಕೂ ಇದಕ್ಕೂ ನಡುವೆ ಹತ್ತೇ ವರ್ಷ.

ಈಗ ಕ್ಯಾನ್ಸಸ್‌ಗೆ ಹೋಗೋಣ. ಗೋಧಿ ಬೆಳೆಯುವ ಬಯಲುಸೀಮೆಯ ಆ ರಾಜ್ಯದಲ್ಲಿ ಲಾರೆನ್ಸ್ ಎಂಬುದು ಗುಡ್ಡದ ಮೇಲಿನ ವಿದ್ಯಾಲಯದ ಪಟ್ಟಣ. 1898ರಲ್ಲಿ ನೈಸ್ಮಿತ್ ಅಲ್ಲಿಗೆ ಬಂದದ್ದು ಪ್ರಾರ್ಥನಾಲಯದ ನಿರ್ದೇಶಕರಾಗಿ ಹಾಗೂ ದೈಹಿಕ ಶಿಕ್ಷಣದ ಅಧ್ಯಾಪಕರಾಗಿ. ವಿದ್ಯಾರ್ಥಿಗಳು ತಂಡ ಕಟ್ಟಿದಾಗ ಸಹಜವಾಗಿ ಅವರೇ ಅದರ ಮುಖ್ಯಸ್ಥರಾದರು. 1907ರವರೆಗೆ ಅವರ ತಂಡ ಗೆದ್ದದ್ದು 55 ಪಂದ್ಯ, ಸೋತದ್ದು 60. ಆ ವಿದ್ಯಾಲಯದ ಬಾಸ್ಕೆಟ್‌ಬಾಲ್ ಚರಿತ್ರೆಯಲ್ಲಿ ಗೆಲುವಿಗಿಂತ ಸೋಲು ಹೆಚ್ಚಾದ ತರಬೇತುದಾರರು ಅವರೊಬ್ಬರೇ, ಆಟವನ್ನು ಕಂಡುಹಿಡಿದವರು! ಅವರಿಗೆ ಇದರಿಂದ ನಿದ್ದೆಗೆಟ್ಟಂತೆ ಕಾಣುವುದಿಲ್ಲ. ಅವರ ತಂಡದಲ್ಲಿದ್ದ ಫಾರೆಸ್ಟ್ ಅಲೆನ್ ಎಂಬ ವಿದ್ಯಾರ್ಥಿ ಬೇರೊಂದು ಕಾಲೇಜಿಗೆ ತರಬೇತುದಾರನಾಗಿ ಹೋಗುವೆನೆಂದಾಗ, ಈ ಆಟವನ್ನು ಆಡಬಹುದೇ ಹೊರತು ತರಬೇತಿ ಕೊಡಲಾಗದು ಎಂಬರ್ಥದ ಮಾತು ಹೇಳಿ ನಕ್ಕರೆಂದು ಪ್ರತೀತಿ.

ಅಲೆನ್ ಅದನ್ನು ಒಪ್ಪಲಿಲ್ಲ. ಮೂಳೆ ಸಂದುಗಳ ಚಿಕಿತ್ಸೆಯನ್ನು ಅಭ್ಯಾಸಮಾಡಿ ಡಾಕ್ಟರ್ ಎನಿಸಿಕೊಂಡು, ಹಡಗಿನ ಕಹಳೆಯಂಥ ಕಂಠದಿಂದ ಹುಡುಗರನ್ನು ದುಡಿಸುವ ತರಬೇತುದಾರರಾಗಿ ಅವರು 1919ರಲ್ಲಿ ಲಾರೆನ್ಸ್‌ಗೆ ಮರಳಿದರು. ನೈಸ್ಮಿತ್ ಆ ವೇಳೆಗೆ ಸಭೆಯ ಬೋಧಕದೀಕ್ಷೆಯನ್ನು ಪಡೆದು, ಸೈನ್ಯದಲ್ಲಿ ಗುರುಗಳಾಗಿ, ಮಹಾಯುದ್ಧದ ಫ್ರಾನ್ಸ್‌ನಲ್ಲಿ ವೈ.ಎಂ.ಸಿ.ಎ. ಸೇವೆ ಮಾಡಿ ತಮ್ಮ ತರಗತಿಗೆ ಹಿಂದಿರುಗಿದ್ದರು. ಹೀಗೆ ಒಂದೇ ಗುಡ್ಡದ ಮೇಲೆ ಗುರು ಶಿಷ್ಯರಿಬ್ಬರು: ಒಬ್ಬರಿಗೆ ಆಟವೆಂದರೆ ಆರೋಗ್ಯ ಮತ್ತು ಶೀಲ, ಇನ್ನೊಬ್ಬರಿಗೆ ಅವೆರಡರ ಜೊತೆಗೆ ಗೆಲುವು.

ಆ ಚಳಿಗಾಲದ ಕ್ಯಾನ್ಸಸ್ ನಮ್ಮಂಥವರಿಗೆ ಹಿತವಾದ ಸ್ಥಳವಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಕರಿಯರು, ಯೆಹೂದ್ಯರು, ಕಥೋಲಿಕರು ಮೂವರನ್ನೂ ದ್ವೇಷಿಸುವ ಕು ಕ್ಲಕ್ಸ್ ಕ್ಲಾನ್ ಎಂಬ ಮುಸುಕುಧಾರಿಗಳ ಕೂಟ ಅಲ್ಲಿ ಹಬ್ಬುತ್ತಿತ್ತು. 1922ರ ಶರತ್ಕಾಲದಲ್ಲಿ ಲಿಬರ್ಟಿ ಎಂಬ ಊರಿನ ಕಥೋಲಿಕ ಮೇಯರನ್ನು ಅಪಹರಿಸಿ ಚಾವಟಿಯಿಂದ ಹೊಡೆಯಲಾಯಿತು. ಲಿಬರ್ಟಿ ಎಂದರೆ ಸ್ವಾತಂತ್ರ್ಯ! ರಾಜ್ಯದ ಗವರ್ನರ್ ಹೆನ್ರಿ ಅಲೆನ್ (ಇವರು ಬೇರೆ, ತರಬೇತುದಾರರು ಬೇರೆ) ಆ ಕೂಟವನ್ನು ರಾಜ್ಯದಿಂದ ಹೊರಹಾಕಲು ನ್ಯಾಯಾಲಯದ ಮೊರೆಹೊಕ್ಕರು. 1925ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಅವರ ಪರವಾಗಿ ತೀರ್ಪಿತ್ತಿತು. ಪತ್ರಿಕೆಗಳ ಒಂದು ಪುಟದಲ್ಲಿ ಇಂಥ ಸುದ್ದಿ, ಇನ್ನೊಂದು ಪುಟದಲ್ಲಿ ಬಾಸ್ಕೆಟ್‌ಬಾಲ್.

ಆಗಿನ ಆಟ ಇಂದಿನದಲ್ಲ. ಪ್ರತಿ ಗೋಲಿನ ನಂತರ ಚೆಂಡನ್ನು ಮತ್ತೆ ಮಧ್ಯಕ್ಕೆ ತಂದು, ರೆಫರಿ ಅದನ್ನು ಮೇಲಕ್ಕೆಸೆದು, ಇಬ್ಬರು ಜಿಗಿದು ಹೋರಾಡಬೇಕಿತ್ತು. 1937ರಲ್ಲಷ್ಟೇ ಆ ಪದ್ಧತಿ ಹೋಯಿತು. ಇಂತಿಷ್ಟು ಸೆಕೆಂಡಿನೊಳಗೆ ಚೆಂಡನ್ನು ಎಸೆಯಬೇಕೆಂಬ ಕಟ್ಟುಪಾಡಿರಲಿಲ್ಲ. ತಪ್ಪಿಗೆ ಸಿಗುವ ಉಚಿತ ಎಸೆತಗಳನ್ನೆಲ್ಲ ತಂಡದ ನುರಿತವನೊಬ್ಬನೇ ಎಸೆಯಬಹುದಿತ್ತು. ಏಟು ತಿಂದವನೇ ಎಸೆಯಬೇಕೆಂಬ ನಿಯಮ ಬಂದದ್ದು ಮರುವರ್ಷ. ಆದುದರಿಂದ ನಲವತ್ತು ನಿಮಿಷಗಳ ಆಟದಲ್ಲಿ ಒಂದು ತಂಡ ಇಪ್ಪತ್ತು ಅಂಕ ಗಳಿಸಿದರೆ ದೊಡ್ಡದು.

ಮಿಸ್ಸೌರಿ ಕಣಿವೆಯ ಕೂಟದಲ್ಲಿ ಒಂಬತ್ತು ಕಾಲೇಜುಗಳಿದ್ದವು. ಪ್ರತಿಯೊಂದು ತಂಡವೂ ಇತರ ಎಂಟು ತಂಡಗಳೊಡನೆ ಎರಡೆರಡು ಬಾರಿ ಆಡಬೇಕು. ಹಿಂದಿನ ವರ್ಷ ಕ್ಯಾನ್ಸಸ್ ಮತ್ತು ನೆರೆಯ ಮಿಸ್ಸೌರಿ ವಿಶ್ವವಿದ್ಯಾಲಯಗಳು ಹದಿನಾರರಲ್ಲಿ ಹದಿನೈದನ್ನು ಗೆದ್ದು ಸಮಸಮವಾಗಿ ನಿಂತಿದ್ದವು. ಆ ಎರಡು ರಾಜ್ಯಗಳ ಹಗೆ ಆಟದ್ದು ಮಾತ್ರವಲ್ಲ, ಗುಲಾಮಗಿರಿಯ ಕಾಲದಲ್ಲಿ ಗಡಿಯ ಆಚೀಚೆ ರಕ್ತ ಹರಿದಿದ್ದ ನೆನಪಿನದು. ಹೀಗಾಗಿ 1922-23ರಲ್ಲಿ ಎಲ್ಲರ ಕಣ್ಣೂ ಆ ಎರಡು ಪಂದ್ಯಗಳ ಮೇಲಿತ್ತು.

ಕ್ಯಾನ್ಸಸ್ ತಂಡದ ನಾಯಕ ಪಾಲ್ ಎಂಡಕಾಟ್ ಲಾರೆನ್ಸ್ ಪಟ್ಟಣದ ಹುಡುಗನೇ. ಅವನ ಜೊತೆಗೆ ಚಾರ್ಲಿ ಬ್ಲ್ಯಾಕ್, ಟಸ್ಟನ್ ಆಕರ್ಮನ್, ವಾಲ್ಡೊ ಬೌಮನ್, ನೀಳಕಾಯದ ಜಾನ್ ವುಲ್ಫ್. ಬದಲಿ ಆಟಗಾರರ ಬೆಂಚಿನ ಮೇಲೆ ಅಡಾಲ್ಫ್ ರಪ್ ಎಂಬ ರೈತನ ಮಗ. ಕೂಟದ ಹೊರಗೆ ಕ್ಯಾನ್ಸಸ್ ನಗರದ ಅಥ್ಲೆಟಿಕ್ ಕ್ಲಬ್ಬಿನ ವಿರುದ್ಧ ಆಡಿದಾಗ ಅವರು ಒಮ್ಮೆ ಸೋತರು. ಆ ವರ್ಷದ ಒಂದೇ ಸೋಲು ಅದು. ಆಮೇಲೆ ಹಿಮದಲ್ಲಿ ರೈಲು ಹತ್ತಿ ಊರಿಂದೂರಿಗೆ ಹೋಗಿ ನೆಬ್ರಾಸ್ಕ, ಒಕ್ಲಹೋಮ, ಐಯೊವ ರಾಜ್ಯಗಳ ತಂಡಗಳನ್ನು ಒಂದೊಂದಾಗಿ ಮಣಿಸಿದರು. ಆ ಗೆಲುವುಗಳನ್ನು ಎಣಿಸುವುದರಲ್ಲಿ ನಮಗೆ ಅಂಥ ಆಸಕ್ತಿಯಿಲ್ಲ. ಜನವರಿಯಲ್ಲಿ ಮಿಸ್ಸೌರಿಯ ನೆಲದಲ್ಲೇ 21-19ರಿಂದ ಗೆದ್ದರು, ಎರಡೇ ಅಂಕ.

ಕೊನೆಯ ಪಂದ್ಯ ಫೆಬ್ರುವರಿ 28ರಂದು, ಲಾರೆನ್ಸ್‌ನ ರಾಬಿನ್ಸನ್ ವ್ಯಾಯಾಮಶಾಲೆಯಲ್ಲಿ. ಅದೊಂದು ಬುಧವಾರ, ತಪಸ್ಸುಕಾಲ ಆರಂಭವಾಗಿ ಎರಡು ವಾರವಾಗಿತ್ತು. ಕೂಟದ ಹದಿನೈದು ಪಂದ್ಯಗಳನ್ನು ಗೆದ್ದವರ ಎದುರಿಗೆ ಮತ್ತೆ ಮಿಸ್ಸೌರಿ. ಕಡೆಯ ನಿಮಿಷಗಳಲ್ಲಿ ಕ್ಯಾನ್ಸಸ್ ಮೂರೇ ಅಂಕ ಮುಂದಿತ್ತು. ಎದುರಾಳಿಗಳು ಮೇಲೇರಿ ಬಂದಾಗಲೆಲ್ಲ ಎಂಡಕಾಟ್ ಚೆಂಡಿನ ಮೇಲೆ ಕೈ ಹಾಕಿ ಬಿಗಿಯಾಗಿ ಹಿಡಿದುಬಿಡುತ್ತಿದ್ದ. ಇಬ್ಬರ ಕೈಯಲ್ಲಿ ಚೆಂಡು ಸಿಕ್ಕಿಕೊಂಡರೆ ರೆಫರಿ ಸೀಟಿ ಊದಿ ಇಬ್ಬರ ನಡುವೆ ಚೆಂಡೆಸೆಯಬೇಕು. ಎಂಡಕಾಟ್ ಜಿಗಿದ, ಮತ್ತೆ ಎದುರಾಳಿಗೆ ಚೆಂಡು ಸಿಕ್ಕಿತು, ಮತ್ತೆ ಹಿಡಿದ, ಮತ್ತೆ ಜಿಗಿದ. ಒಂದರ ಮೇಲೊಂದರಂತೆ ಹದಿನಾರು ಬಾರಿ ಹೀಗಾಯಿತೆಂದು ಅಲೆನ್ ಅನಂತರ ಹೇಳುತ್ತಿದ್ದರು. ಕಥೆ ಹೇಳುವುದರಲ್ಲಿ ಅವರು ಜಿಪುಣರಲ್ಲವಾದ್ದರಿಂದ ಎಣಿಕೆ ಒಂದೆರಡು ಹಿಗ್ಗಿದ್ದರೂ ನಮಗೆ ಆಶ್ಚರ್ಯವಿಲ್ಲ. 23-20ರಲ್ಲಿ ಪಂದ್ಯ ಮುಗಿದಾಗ ಎಂಡಕಾಟ್ ಶಕ್ತಿ ಸೋರಿಹೋಗಿ ಜೊತೆಗಾರರ ತೋಳಿನಲ್ಲಿ ಕುಸಿದನಂತೆ. ಕೂಟದಲ್ಲಿ ಹದಿನಾರಕ್ಕೆ ಹದಿನಾರು. ಒಟ್ಟು ಹದಿನೆಂಟರಲ್ಲಿ ಹದಿನೇಳು.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. ಎಪ್ಪತ್ತೆಂಟು ವರ್ಷಗಳ ಬಳಿಕ ಬಂದ ಇನ್ನೊಂದು ಫೆಬ್ರುವರಿ 28ರಂದು, 2001ರಲ್ಲಿ, ನಮ್ಮ ಚಿನ್ನದ ಗಣಿಗಳನ್ನು ಮುಚ್ಚಲಾಯಿತು. ಅದೂ ಬುಧವಾರವೇ, ಬೂದಿ ಬುಧವಾರ. ಹಣೆಯ ಮೇಲೆ ಬೂದಿಯ ಶಿಲುಬೆ ಧರಿಸಿದ ದಿನವೇ ಕೆಲಸ ಹೋಯಿತು.

ಕ್ಯಾನ್ಸಸ್ ತಂಡಕ್ಕೆ ಆ ರಾತ್ರಿ ರಾಷ್ಟ್ರಪ್ರಶಸ್ತಿಯೇನೂ ಸಿಗಲಿಲ್ಲ, ಏಕೆಂದರೆ ಅಂಥದ್ದೊಂದು ಇರಲೇ ಇಲ್ಲ. ಅಮೆರಿಕದ ಕಾಲೇಜುಗಳ ರಾಷ್ಟ್ರೀಯ ಪಂದ್ಯಾವಳಿ ಆರಂಭವಾದದ್ದು 1939ರಲ್ಲಿ. ಹೆಲ್ಮ್ಸ್ ಪ್ರತಿಷ್ಠಾನದವರು ಬಹಳ ವರ್ಷಗಳಾದ ಮೇಲೆ ಹಳೆಯ ಲೆಕ್ಕಗಳನ್ನು ನೋಡಿ 1922 ಮತ್ತು 1923 ಎರಡೂ ವರ್ಷಗಳಿಗೆ ಕ್ಯಾನ್ಸಸ್ಸೇ ಅಗ್ರತಂಡವೆಂದು ಘೋಷಿಸಿದರು. ಆಡುವಾಗ ಆ ಹುಡುಗರಿಗೆ ಅದರ ಕಲ್ಪನೆಯೂ ಇರಲಿಲ್ಲ. ಎಂಡಕಾಟ್ ಆಟವನ್ನು ಹೊಟ್ಟೆಪಾಡು ಮಾಡಿಕೊಳ್ಳದೆ ತೈಲದ ಕಂಪನಿಯೊಂದನ್ನು ಸೇರಿ, ಕಾಲಕ್ರಮದಲ್ಲಿ ಅದರ ಅಧ್ಯಕ್ಷನಾದ. ಬೆಂಚಿನ ಮೇಲಿದ್ದ ರಪ್ ಕೆಂಟಕಿ ವಿಶ್ವವಿದ್ಯಾಲಯದ ತರಬೇತುದಾರನಾಗಿ 876 ಪಂದ್ಯಗಳನ್ನು ಗೆಲ್ಲಿಸಿದ. ಅಲೆನ್ ಲಾರೆನ್ಸ್‌ನಲ್ಲಿ 1956ರವರೆಗಿದ್ದು 590 ಗೆಲುವುಗಳನ್ನು ಲೆಕ್ಕಕ್ಕೆ ಸೇರಿಸಿದರು. ತರಬೇತಿ ಕೊಡಲಾಗದು ಎಂದ ಗುರುವಿನ ಮಾತು ಸುಳ್ಳಾಯಿತು ಎಂದೇ ಹೇಳಬೇಕು.

ಆದರೆ ಲೆಕ್ಕಕ್ಕೆ ಸಿಗದ ಭಾಗವೊಂದಿದೆ. 1923ರ ಆ ತಂಡದಲ್ಲಿ ಕರಿಯ ವಿದ್ಯಾರ್ಥಿ ಒಬ್ಬನೂ ಇರಲಿಲ್ಲ. 1933ರಲ್ಲಿ ಜಾನ್ ಮೆಕ್ಲೆಂಡನ್ ಎಂಬ ಕರಿಯ ಯುವಕ ಲಾರೆನ್ಸ್‌ಗೆ ದೈಹಿಕ ಶಿಕ್ಷಣ ಓದಲು ಬಂದಾಗಲೂ ಅಲೆನ್‌ರ ತಂಡದಲ್ಲಿ ಅವನಿಗೆ ಸ್ಥಳವಿರಲಿಲ್ಲ. ಅಲ್ಲಿನ ವರ್ಣಭೇದ ಅಷ್ಟು ಬಿಗಿಯಾಗಿತ್ತು. ಅವನನ್ನು ಶಿಷ್ಯನಾಗಿ ಸ್ವೀಕರಿಸಿ, ಮಾರ್ಗದರ್ಶಕರಾಗಿ ನಿಂತವರು ವೃದ್ಧ ನೈಸ್ಮಿತ್. 1936ರಲ್ಲಿ ಪದವಿ ಪಡೆದ ಮೆಕ್ಲೆಂಡನ್, ತಾನು ಆಡಲಾಗದ ಆಟಕ್ಕೆ ತಾನೇ ಹೆಸರಾಂತ ತರಬೇತುದಾರನಾದ. ಅತ್ತ ರಪ್‌ನ ಬಿಳಿಯರ ತಂಡ 1966ರ ರಾಷ್ಟ್ರೀಯ ಅಂತಿಮ ಪಂದ್ಯದಲ್ಲಿ ಐವರು ಕರಿಯ ಆಟಗಾರರನ್ನು ಕಣಕ್ಕಿಳಿಸಿದ ಟೆಕ್ಸಾಸಿನ ತಂಡಕ್ಕೆ 72-65ರಲ್ಲಿ ಸೋತಿತು. ಈ ಸಂಗತಿ ನಮಗೆ ದೂರದ್ದಲ್ಲ. ಚಿನ್ನದ ಗಣಿಯಲ್ಲೂ ಬಿಳಿಯ ಅಧಿಕಾರಿಗಳ ಕ್ಲಬ್ಬಿನ ಹುಲ್ಲಿನ ಮೇಲೆ ಲೈನು ಮನೆಯ ಹುಡುಗ ಚೆಂಡು ಹೆಕ್ಕಲು ಹೋಗಬಹುದಿತ್ತೇ ಹೊರತು ಆಡಲು ಹೋಗುವಂತಿರಲಿಲ್ಲ. ಸಾವಿರಾರು ಅಡಿ ಆಳದ ಕತ್ತಲಿಗೆ ಇಳಿಯುತ್ತಿದ್ದದ್ದು ಅದೇ ಹುಡುಗನ ತಂದೆ. ನಮ್ಮ ಅಂಗಳದಲ್ಲಿ ಕಂಬ ನೆಟ್ಟರೆ ಪಕ್ಕದ ಬೀದಿಯ ಹಿಂದೂ, ಮುಸ್ಲಿಂ ಮಕ್ಕಳೂ ಬರುತ್ತಾರಲ್ಲ ಎಂದು ಅಂದು ಒಬ್ಬರು ಪಿಸುಗುಟ್ಟಿದ್ದು ನಮ್ಮ ಕಿವಿಗೂ ಬಿದ್ದಿತ್ತು. ಬರಲಿ ಎಂಬುದು ನಮ್ಮ ಅಭಿಪ್ರಾಯ. ಐವರು ಎದುರಾಳಿಗಳಿಲ್ಲದೆ ಈ ಆಟ ಆಡಲೇ ಆಗದು.

ನೈಸ್ಮಿತ್‌ರ ಕಡೆಯ ದಿನಗಳ ಒಂದು ಚಿತ್ರ ನಮ್ಮನ್ನು ಬಿಡದೆ ಕಾಡಿದೆ. 1936ರಲ್ಲಿ ಬರ್ಲಿನ್ ಒಲಿಂಪಿಕ್ಸ್‌ಗೆ ಬಾಸ್ಕೆಟ್‌ಬಾಲ್ ಸೇರ್ಪಡೆಯಾಯಿತು. ಅದಕ್ಕಾಗಿ ಹೆಚ್ಚು ಶ್ರಮಿಸಿದವರು ಶಿಷ್ಯ ಅಲೆನ್. ಆಟದ ಜನಕನಿಗೆ ಅಲ್ಲಿಗೆ ಹೋಗಲು ಹಣವಿರಲಿಲ್ಲ. ಆ ಆಟದ ಹೆಸರಿನಿಂದ ಅವರು ಎಂದೂ ಸಂಪಾದಿಸಿದವರಲ್ಲ. ಅಮೆರಿಕದ ಊರೂರುಗಳ ಪಂದ್ಯಗಳಲ್ಲಿ ಪ್ರೇಕ್ಷಕರಿಂದ ಒಂದೊಂದು ಕಾಸು ಕೂಡಿಸಿ ಅವರನ್ನು ಕಳುಹಿಸಲಾಯಿತು. ಅಂತಿಮ ಪಂದ್ಯ ಬಯಲಿನ ಮಣ್ಣಿನ ಅಂಕಣದಲ್ಲಿ. ಮಳೆ ಸುರಿದು ನೆಲವೆಲ್ಲ ಕೆಸರಾಗಿ ಚೆಂಡು ಪುಟಿಯುವುದೇ ನಿಂತುಹೋಯಿತು. ಅಮೆರಿಕ 19, ಕೆನಡಾ 8. ಹುಟ್ಟಿದ ದೇಶ ಸೋತು, ಸೇರಿದ ದೇಶ ಗೆದ್ದ ಆ ಕೆಸರಿನ ಪಂದ್ಯದ ನಂತರ ಪದಕಗಳನ್ನು ನೀಡಿದವರು ನೈಸ್ಮಿತ್ ಅವರೇ. ಮೂರು ವರ್ಷಗಳ ಬಳಿಕ, 1939ರ ನವೆಂಬರ್‌ನಲ್ಲಿ, ಅವರು ಲಾರೆನ್ಸ್‌ನಲ್ಲಿ ತೀರಿಕೊಂಡರು. ಒಲಿಂಪಿಕ್ಸ್ ಅಂತಿಮ ಪಂದ್ಯವೇ ಮಣ್ಣಿನಲ್ಲಿ ನಡೆದಿರುವಾಗ ನಮ್ಮ ಅಂಗಳಕ್ಕೆ ಸಿಮೆಂಟು ಬೇಕೇ ಎಂಬ ಯುವಕರ ವಾದಕ್ಕೆ ಎದುರಾಡಲು ನಮ್ಮಲ್ಲಿ ಏನೂ ಉಳಿಯಲಿಲ್ಲ.

ಕ್ರೀಡಾ ಕೋಟಾದ ಬಗ್ಗೆ ಕೇಳಿದ ಆ ತಂದೆಗೆ ನಾವು ಈ ಕಥೆಯನ್ನು ಕಳೆದ ವಾರ ಹೇಳಿದೆವು. ಅವರು ರಾತ್ರಿಯ ರೈಲಿನಿಂದಿಳಿದು ಬಂದಿದ್ದರು. ಪೂರ್ತಿ ಕೇಳಿಸಿಕೊಂಡು, ಸೀಟು ಸಿಗುತ್ತದೆಯೋ ಇಲ್ಲವೋ ಎಂಬುದಕ್ಕೆ ಇದರಲ್ಲಿ ಉತ್ತರ ಬರಲಿಲ್ಲವಲ್ಲ ಎಂದರು. ಬರಲಿಲ್ಲ, ನಿಜ, ಸಿಕ್ಕರೂ ಸಿಗಬಹುದು, ಹೆಚ್ಚಿನವರಿಗೆ ಸಿಗುವುದಿಲ್ಲ ಎಂದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, ಸಂಜೆ ಎಷ್ಟು ಗಂಟೆಯವರೆಗೆ ಆಡುತ್ತಾರೆ, ದೀಪ ಹಾಕಿಸುತ್ತೀರಾ ಎಂದು ಕೇಳಿದರು. ದೀಪದ ಮಾತನ್ನು ಯಾರೂ ಯೋಚಿಸಿರಲಿಲ್ಲ. ರೈಲು ಮರಳುವ ಹೊತ್ತಿಗೆ ಇನ್ನೂ ಆಟ ನಡೆದಿದ್ದರೆ ಮಗ ಆಡುವುದನ್ನು ತಾವೂ ಒಂದು ಗಳಿಗೆ ನೋಡಬಹುದಲ್ಲ ಎಂಬುದು ಅವರ ಲೆಕ್ಕ.

ಕಂಬಗಳು ಬಂದಿವೆ. ಬಾಲಕಿಯರಿಗೆ ವಾರದಲ್ಲಿ ಮೂರು ಸಂಜೆ ಎಂದು ತೀರ್ಮಾನವಾಗಿದೆ. ಅವರು ನಾಲ್ಕು ಕೇಳುತ್ತಿದ್ದಾರೆ. ಶನಿವಾರ ಗುಂಡಿ ತೋಡಲು ಬಂದ ಮೇಸ್ತ್ರಿ, ಬಳೆ ಹತ್ತು ಅಡಿಗೇ ಏಕೆ, ಸಣ್ಣ ಮಕ್ಕಳಿಗೆ ಎಂಟು ಸಾಲದೇ ಎಂದು ಕೇಳಿದ. ಹುಡುಗರೆಲ್ಲ ಒಟ್ಟಿಗೆ ಸಾಲದು ಎಂದು ಕೂಗಿದರು.